ಖುದ್ದೂಸ್ ಸೂಟ್‌ಕೇಸ್ ಬಿಚ್ಚಿಸುತ್ತಿದ್ದದ್ದೇಕೆ

ಆರ್.ಟಿ. ನಗರದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಖುದ್ದೂಸ್ ಸೂಟ್‌ಕೇಸ್ ರಿಪೇರಿ ಮಾಡುತ್ತಾನೆ. ಹನ್ನೊಂದು ವರ್ಷ ದುಬೈಯಲ್ಲಿ ವ್ಯಾನ್ ಓಡಿಸಿದವನು. ಜಿಪ್ ಹಾಕಿಸಲು ಬಂದವರು ದುಬೈ ಕಡೆಯ ವಿಮಾನ ಹತ್ತುವವರೆಂದು ಗೊತ್ತಾದರೆ ಸಾಕು, ಅವನ ಪಾಠ ಶುರು. ಪಾಸ್‌ಪೋರ್ಟಿನ ನಕಲು ಬೇರೆ ಚೀಲದಲ್ಲಿಡಿ ಅನ್ನುತ್ತಾನೆ. ಅದರಿಂದ ನನಗೂ ಗಿರಾಕಿ. ಮಾತ್ರೆಗೆ ಡಾಕ್ಟರ ಚೀಟಿ ಇರಲಿ, ಕಂಡ ಹೆಂಗಸರ ಫೋಟೊ ತೆಗೆಯಬೇಡಿ, ರಸ್ತೆ ಖಾಲಿಯಿದ್ದರೂ ಸಿಗ್ನಲ್ ಬರುವತನಕ ದಾಟಬೇಡಿ. ಇದೆಲ್ಲ ಸರಿ. ಆದರೆ ಕೊನೆಗೆ ಮನೆತಿಂಡಿ ಏನಿಟ್ಟಿದ್ದೀರಿ ಎಂದು ಕೇಳಿ, ಬಿಚ್ಚಿ ತೋರಿಸುವವರೆಗೂ ಬಿಡುತ್ತಿರಲಿಲ್ಲ. ಜಿಪ್ ಹಾಕುವವನಿಗೆ ಊರವರ ಚಕ್ಕುಲಿ ಯಾಕೆ ಬೇಕು? ನನಗೆ ಕೆಟ್ಟ ಕುತೂಹಲ. ಕೇಳಿದರೆ ನಕ್ಕು ಟೀ ತರಿಸುತ್ತಿದ್ದ.

ಹೋದ ತಿಂಗಳು ಸೋಲದೇವನಹಳ್ಳಿಯ ಮುನಿನಾರಾಯಣಮ್ಮ ಬಂದರು. ದುಬೈಯಲ್ಲಿರುವ ಮಗಳು ರಾಣಿಗೆ ಚೊಚ್ಚಲ ಹೆರಿಗೆಯಾಗಿತ್ತು. ಬಾಣಂತನಕ್ಕೆ ಮರುದಿನ ಒಬ್ಬರೇ ಹೊರಡಬೇಕು, ತುಂಬಿದ ಸೂಟ್‌ಕೇಸಿನ ಜಿಪ್ ಕಿತ್ತುಹೋಗಿದೆ. ಖುದ್ದೂಸನ ಪಾಠವನ್ನು ಶ್ರದ್ಧೆಯಿಂದ ಕೇಳಿದರು. "ಉಗುಳಿದ್ರೂ ದಂಡ ಆಕ್ತಾರಾ?" ಎಂದು ಬೆರಗಾದರು. ತಿಂಡಿಯ ಮಾತು ಬಂದಾಗ ಮಾತ್ರ, "ಬರೀ ಬಟ್ಟೆ ಕಣಪ್ಪ" ಎಂದು ಸೂಟ್‌ಕೇಸಿನ ಮೇಲೆ ಕೈಯಿಟ್ಟರು.

ಖುದ್ದೂಸ್ ಒತ್ತಾಯಿಸಲಿಲ್ಲ. ಜಿಪ್ ಎಳೆಯುತ್ತಲೇ, "ನಮ್ಮಲ್ಲಿ ಬಾಣಂತಿಗೆ ಅಂಟಿನುಂಡೆ ಕೊಡ್ತೀವಿ. ನೀವು ಕೊಡಲ್ವಾ?" ಎಂದ.

"ಕೊಡ್ದೆ ಇರ್ತೀವಾ? ನಲವತ್ತು ಉಂಡೆ ಕಟ್ಟಿವ್ನಿ. ಕೊಬ್ಬರಿ, ಉತ್ತುತ್ತೆ, ಗಸಗಸೆ ಒಂದಿಡಿ ಜಾಸ್ತೀನೇ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. "ಬಾಣಂತಿ ಪದಾರ್ಥದ ಮೇಲೆ ಕಣ್ಣು ಬೀಳಬಾರ್ದು ಅಂತ ಸೀರೆಯೊಳಗೆ ಸುತ್ತಿಟ್ಟಿದ್ದೆ."

ಖುದ್ದೂಸನ ಕೈ ನಿಂತಿತು. "ಅಮ್ಮಾ, ಡಬ್ಬಿ ತೆಗೀರಿ. ಅಲ್ಲಿ ಗಸಗಸೆ ಸಿಕ್ಕಿದ್ರೆ ಜೈಲಿಗೆ ಹಾಕ್ತಾರೆ."

"ಪಾಯಸ ಮಾಡೋ ಗಸಗಸೆಗಾ?"

"ಅದು ಅಫೀಮು ಗಿಡದ ಬೀಜ. ಅಡುಗೆ ಸಾಮಾನು ಅಂದ್ರೂ ಅಲ್ಲಿ ಯಾರೂ ಒಪ್ಪಲ್ಲ. ಮಗಳ ಹತ್ರ ಹೋಗೋ ಬದಲು ನೀವು ಒಳಗಿರ್ತೀರಿ."

ಆಕೆಗೆ ನಂಬಿಕೆ ಬರಲಿಲ್ಲ. "ನಿಂಗ್ಯಾರು ಏಳಿದ್ದು?"

ಖುದ್ದೂಸ್ ಇಕ್ಕಳ ಕೆಳಗಿಟ್ಟ. "ರಜೆ ಮುಗಿಸಿ ವಾಪಸ್ ಹೋಗ್ತಿದ್ದೆ. ಕುರ್ಮಾಕ್ಕೆ ಇರ್ಲಿ ಅಂತ ನಮ್ಮಮ್ಮ ಒಂದು ಪೊಟ್ಟಣ ಗಸಗಸೆ ಬಟ್ಟೆ ನಡುವೆ ಇಟ್ಟಿದ್ರು, ನನಗೂ ಹೇಳ್ದೆ. ಏರ್‌ಪೋರ್ಟಲ್ಲೇ ಹಿಡಿದ್ರು. ಎರಡು ತಿಂಗಳು ಒಳಗಿದ್ದೆ. ಕೆಲಸ ಹೋಯ್ತು, ಊರಿಗೆ ಕಳಿಸಿಬಿಟ್ರು."

ಅವನ ಚಕ್ಕುಲಿ ತಪಾಸಣೆಗೆ ನಗುತ್ತಿದ್ದ ನನಗೆ ನಾಚಿಕೆಯಾಯಿತು.

"ನಿಮ್ಮಮ್ಮ ಎಷ್ಟು ಅತ್ತರೋ" ಎಂದರು ಮುನಿನಾರಾಯಣಮ್ಮ.

"ಕಂಪನಿ ಮುಚ್ಚಿತು ಅಂದೆ. ಸಾಯೋತನಕ ಹಾಗೇ ನಂಬಿದ್ರು."

ಆಕೆ ಸೂಟ್‌ಕೇಸ್ ಬಿಚ್ಚಿ, ಸೀರೆಯ ಮಡಿಕೆಯಿಂದ ಡಬ್ಬಿ ತೆಗೆದು ಅವನ ಮುಂದಿಟ್ಟರು. ಒಂದು ಕಾಳೂ ಉಳಿಯಬಾರದೆಂದು ಖುದ್ದೂಸ್ ಸೀರೆಯನ್ನು ಬೀದಿಗೆ ತಂದು ಕೊಡವಿದ. ಅದನ್ನು ಒಗೆದ ಮೇಲೇ ತೆಗೆದುಕೊಂಡು ಹೋಗಿ ಎಂದ.

"ಬೇರೆ ಉಂಡೆ ಇವತ್ತೇ ಕಟ್ಕೊಂತೀನಿ, ಗಸಗಸೆ ಇಲ್ದೆ" ಎಂದರು ಆಕೆ. "ಇವನ್ನ ನೀನು ತಿನ್ನಪ್ಪ. ಅಮ್ಮ ಕೊಟ್ಟಿದ್ದು ಅನ್ಕೋ."

ಆಕೆ ಹೋದ ಮೇಲೆ ನಾನು ಎರಡು ತಿಂದೆ. ಖುದ್ದೂಸ್ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ ತಿಂದ.