ಹೇಳಿ ಹೋಗುವುದನ್ನು ಕಲಿಸಿದ ಕಸ್ತೂರಿಬಾಯಿಯವರು

ಮೂರು ವರ್ಷದ ಮಕ್ಕಳಿಗೆ ಕಲಿಸುವುದೆಂದರೆ ನಾಲ್ಕು ಹಾಡು ಹೇಳಿಸಿ, ಉಪ್ಪಿಟ್ಟು ತಿನ್ನಿಸಿ, ಮೂಗು ಒರೆಸಿ ಮನೆಗೆ ಕಳಿಸುವ ಕೆಲಸವೆಂದು ತಿಳಿದ ಮಹನೀಯರು ನಮ್ಮ ಇಲಾಖೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಅವರೊಡನೆ ವಾದ ಮಾಡಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ, ಒಂದು ದಿನ ಬೆಳಿಗ್ಗೆ ಅತನೂರಿನ ಅಂಗನವಾಡಿಯ ಹೊಸ್ತಿಲ ಬಳಿ ಕರೆದೊಯ್ದು ನಿಲ್ಲಿಸುವುದೇ ಮೇಲು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಎಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ನಡೆದರೂ ‘ಅತನೂರ ಹಲಗೆ’ಯ ಮಾತು ಬಂದೇ ಬರುತ್ತದೆ. ಆ ಹಲಗೆಯನ್ನು ಗೋಡೆಗೆ ಬಡಿಸಿ, ಅದರ ಹಿಂದೆ ತಮ್ಮ ಬಾಳಿನ ಒಂದು ನೋವನ್ನು ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದ ಶ್ರೀಮತಿ ಕಸ್ತೂರಿಬಾಯಿ ದೌಲತರಾಯ ಅವರು ಅರವತ್ತು ತುಂಬಿ ಸೇವೆಯಿಂದ ಬಿಡುಗಡೆ ಹೊಂದಿದ್ದಾರೆ. ಈ ಲೇಖಕಿ ಅವರ ಕೇಂದ್ರಕ್ಕೆ ಇಪ್ಪತ್ತು ವರ್ಷ ಮೇಲ್ವಿಚಾರಕಿಯಾಗಿ ಹೋಗಿ ಬಂದವಳು. ಮೇಲೆ ನಿಂತು ವಿಚಾರಿಸಿದ್ದಕ್ಕಿಂತ ಕೆಳಗೆ ಕುಳಿತು ಕಲಿತದ್ದೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ.

ಕಸ್ತೂರಿಬಾಯಿಯವರು ಕೆಲಸಕ್ಕೆ ಆಯ್ಕೆಯಾದಾಗ ಅವರಿಗೆ ಇಪ್ಪತ್ತಾರು ವರ್ಷ. ಪತಿ ದೌಲತರಾಯರು ಅತನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಗಳು ಜಯಮಾಲಾಳಿಗೆ ಎರಡೂವರೆ. ಕೆಲಸಕ್ಕೆ ಸೇರುವ ಮೊದಲು ಗುಲಬರ್ಗಾದಲ್ಲಿ ಮೂರು ತಿಂಗಳು ಅಲ್ಲೇ ಉಳಿದು ತರಬೇತಿ ಪಡೆಯಬೇಕಿತ್ತು. ಮಗುವನ್ನು ತವರೂರಾದ ಇಜೇರಿಯಲ್ಲಿ ಬಿಡುವುದೆಂದು ಹಿರಿಯರು ಗೊತ್ತು ಮಾಡಿದರು. ಹೊರಡುವ ದಿನ ಜಯಮಾಲಾ ಮುಂದಿನ ಅಂಗಳದಲ್ಲಿ ಕುಳಿತು ಕೆಸರಿನ ರೊಟ್ಟಿ ತಟ್ಟುತ್ತಿದ್ದಳು. ಆಗ ಕಸ್ತೂರಿಬಾಯಿಯವರ ತಾಯಿ ಮಗಳ ಕಿವಿಯಲ್ಲಿ ಹೇಳಿದರು: “ಹೇಳಿದ್ರ ಅಳ್ತಾಳ. ಆಡಾಕತ್ತಾಳ, ಹಿತ್ತಲ ಬಾಗಲದಿಂದ ಹೋಗಿಬಿಡು.”

ಅವರು ಹಾಗೆಯೇ ಹೋದರು. ನಮ್ಮ ಕಡೆ ಯಾವ ತಾಯಿ ಹಾಗೆ ಹೋಗಿಲ್ಲ, ಹೇಳಿ? ನಡುವೆ ಬಂದರೆ ಕೂಸು ಮತ್ತೆ ಹಟ ಹಿಡಿಯುತ್ತದೆ, ಬರಬೇಡ ಎಂದು ಮನೆಯ ಹಿರಿಯರು ಹೇಳಿ ಕಳಿಸಿದರು. ಕಸ್ತೂರಿಬಾಯಿಯವರು ಹೋಗಲಿಲ್ಲ. ಮೂರು ತಿಂಗಳಾದ ಮೇಲೆ ಕೆಂಪು ರಿಬ್ಬನ್ನು, ಬುಟ್ಟಿ ತುಂಬ ತಿಂಡಿ ಹಿಡಿದು ಇಜೇರಿಗೆ ಹೋದಾಗ ಮಗಳು ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿದಳೇ ಹೊರತು ಹತ್ತಿರ ಬರಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ಅವಳ ಪಾಲಿಗೆ ಅವ್ವ ಆಗಿದ್ದರು. ಹೆತ್ತವಳಿಗೆ ‘ಅತನೂರವ್ವ’ ಎಂಬ ಹೆಸರು ಬಿತ್ತು. ಮುಂದಿನ ತಿಂಗಳು ಕರೆದೊಯ್ಯೋಣ, ಸುಗ್ಗಿ ಮುಗಿಯಲಿ, ಶಾಲೆಗೆ ಹಾಕುವಾಗ ನೋಡೋಣ ಎನ್ನುತ್ತ ಎನ್ನುತ್ತ ಜಯಮಾಲಾ ಇಜೇರಿಯಲ್ಲೇ ಬೆಳೆದಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಕಸ್ತೂರಿಬಾಯಿಯವರ ಎದುರು ಒಂದು ಹೆಣ್ಣುಮಗು ಬಂದು ಕುಳಿತಿತು. ಅದರ ತಾಯಿ ಕಣ್ಣು ತಪ್ಪಿಸಿ ಹೊಲಕ್ಕೆ ಹೋಗಿದ್ದಳು. ಮಗು ಅಳಲಿಲ್ಲ, ಆಡಲೂ ಇಲ್ಲ. ಕೊಟ್ಟ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೂ ಬಾಗಿಲನ್ನೇ ನೋಡುತ್ತ ಕುಳಿತಿತು. ಇಜೇರಿಯಲ್ಲಿದ್ದ ಕಸ್ತೂರಿಬಾಯಿಯವರ ತಾಯಿ ಒಮ್ಮೆ ಸುಮ್ಮನೆ ಮಾತಿನ ನಡುವೆ, ಜಯಮಾಲಾ ಇಪ್ಪತ್ತು ದಿನ ಕೆಸರು ಮುಟ್ಟಲಿಲ್ಲ, ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ಕೂಡುತ್ತಿದ್ದಳು ಎಂದಿದ್ದರು. ಆ ಮಾತಿನ ಅರ್ಥ ಅಂದು ಆ ಹುಡುಗಿಯ ಬೆನ್ನು ನೋಡಿದಾಗ ಆಯಿತು ಎಂದು ಕಸ್ತೂರಿಬಾಯಿಯವರು ಈ ಲೇಖಕಿಗೆ ಎಷ್ಟೋ ವರ್ಷಗಳ ಮೇಲೆ ಹೇಳಿದರು. “ಬಾಗಲಾ ಕಾಯೋ ಕೂಸು ಆಡಂಗಿಲ್ರಿ. ಆಡಲಾರದ ಕೂಸಿಗಿ ನಾ ಏನು ಕಲಿಸ್ಲಿ?”

ಅಲ್ಲಿಂದ ಹುಟ್ಟಿದ್ದು ಅತನೂರ ಹಲಗೆ. ಬಡಿಗನಿಗೆ ಹೇಳಿ, ಮೂರು ವರ್ಷದ ಮಗುವಿನ ಕೈಗೆ ನಿಲುಕುವ ಎತ್ತರದಲ್ಲಿ, ಉದ್ದನೆಯ ಹಲಗೆಯೊಂದರ ಮೇಲೆ ಇಪ್ಪತ್ತನಾಲ್ಕು ಗಿಳಿಗೂಟಗಳನ್ನು ಸಾಲಾಗಿ ಬಡಿಸಿದರು. ನಿಯಮ ಇಷ್ಟೇ. ಮಗುವನ್ನು ಬಿಡಲು ಬಂದವರು ಕದ್ದು ಹೋಗುವಂತಿಲ್ಲ. ಕುಳಿತು, ಮಗುವಿನ ಮುಖ ನೋಡಿ, ಹೋಗುತ್ತೇನೆ ಎನ್ನಬೇಕು. ಯಾವಾಗ ಬರುತ್ತೇನೆಂಬುದನ್ನು ಮಗುವಿಗೆ ತಿಳಿಯುವ ಹಾಗೆ, ಅಂದರೆ ನಾಲ್ಕು ಗಂಟೆಗೆ ಎಂದಲ್ಲ, ನೀನು ಉಂಡು, ಮಲಗಿ, ಎದ್ದ ಮೇಲೆ ಎಂದು ಹೇಳಬೇಕು. ತಮ್ಮ ಮೈಮೇಲಿನದೋ ಕೈಯೊಳಗಿನದೋ ಒಂದು ವಸ್ತುವನ್ನು ಗುರುತಾಗಿ ಕೊಡಬೇಕು. ಮಗು ಅದನ್ನು ತನ್ನ ಗೂಟಕ್ಕೆ ತಾನೇ ತೂಗುಹಾಕಿ, ಸಂಜೆ ತಾನೇ ತೆಗೆದು ತಿರುಗಿ ಕೊಡಬೇಕು. ಮಗು ಅತ್ತರೆ ಅಳಲಿ. ಗುಬ್ಬಿ ತೋರಿಸಿ ಅದರ ಮುಖವನ್ನು ಆಚೆ ತಿರುಗಿಸಕೂಡದು. ಹೋಗುವವರು ಕಣ್ಮರೆಯಾಗುವ ತನಕ ಟೀಚರ್ ಅದನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಲ್ಲಬೇಕು.

ಊರು ನಗಾಡಿತು, ಆಮೇಲೆ ಒಗ್ಗಿತು. ಟ್ರ್ಯಾಕ್ಟರ್ ಹೊಡೆಯುವ ಮಾಳಿಂಗ ಹೆಗಲ ಮೇಲಿನ ಟವೆಲ್ ಬಿಟ್ಟು ಹೋದ. ಮೊಮ್ಮಗಳನ್ನು ಕರೆತರುತ್ತಿದ್ದ ಸುಂದರಬಾಯಿ ತನ್ನ ಎಲೆಅಡಿಕೆಯ ಚಂಚಿಯನ್ನು ಗುರುತಾಗಿ ಕೊಟ್ಟು, ಅರ್ಧ ತಾಸು ತಾಳಲಾರದೆ ತಿರುಗಿ ಬಂದು, ಒಂದೇ ಒಂದು ಎಲೆ ಹಾಕಿಕೊಂಡು ಹೋಗುತ್ತೇನೆಂದು ಕಿಟಕಿಯಲ್ಲಿ ಅಂಗಲಾಚಿದಳು. ಟೀಚರ್ ಬಿಡಲಿಲ್ಲ. ಸಂಜೆತನಕ ಬಾಯಿ ಒಣಗಿಸಿಕೊಂಡ ಸುಂದರಬಾಯಿ ಮರುದಿನ ಜಾಣಳಾಗಿ ಬಾಚಣಿಕೆ ತಂದಳು.

ಈ ಗುರುತುಗಳೇ ಅಲ್ಲಿನ ಪಾಠವಾದವು. ಗೂಟದ ಮೇಲೆ ಎಷ್ಟು ವಸ್ತುವೋ ಅಷ್ಟು ಮಕ್ಕಳು ಎಂದು ಮಕ್ಕಳೇ ಬೆರಳಿಟ್ಟು ಹಾಜರಿ ಎಣಿಸಿದವು. ಮೆತ್ತಗಿನವು ಇತ್ತ, ಗಟ್ಟಿಯವು ಅತ್ತ ಎಂದು ವಿಂಗಡಿಸಿದವು. ಮಾಳಿಂಗನ ಟವೆಲ್ ಎತ್ತಿನ ಹಗ್ಗವಾಗಿ, ಬಸ್ಸಿನ ಬಾಗಿಲಾಗಿ, ಕೂಸಿನ ಜೋಳಿಗೆಯಾಗಿ ದಿನಕ್ಕೆ ಮೂರು ಅವತಾರ ಎತ್ತಿ, ನಾಲ್ಕರೊಳಗೆ ತನ್ನ ಗೂಟಕ್ಕೆ ಮರಳುತ್ತಿತ್ತು. ಈಚಿನ ವರ್ಷಗಳಲ್ಲಿ ದರ್ಜಿ ಜಮೀರನ ಮಗಳು ಗುಲಫಶಾ ಅಪ್ಪನ ಅಳತೆ ಟೇಪು ಹಿಡಿದು, ಚಾಪೆಯಿಂದ ಹಿಡಿದು ಟೀಚರ್ ಮೂಗಿನವರೆಗೆ ಕೇಂದ್ರದ ಸಮಸ್ತವನ್ನೂ ಅಳೆದು ಹಾಕಿದಳು. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಆಡುತ್ತಿದ್ದುದು ಮಾತ್ರ ಬಸ್ಸಿನ ಆಟ. ಒಬ್ಬರು ಅಫಜಲಪುರಕ್ಕೆ ಹೋಗುವರು, ಉಳಿದವರು ಕೈ ಬೀಸುವರು, ಹೋದವರು ಬಾಗಿಲ ಹಿಂದಿನಿಂದ ತಿರುಗಿ ಬರುವರು. ದಿನಕ್ಕೆ ಹತ್ತು ಸಲ ಆ ಬಸ್ಸು ಹೋಗಿ ಬರುತ್ತಿತ್ತು. ಹೋದವರು ಬರುತ್ತಾರೆ ಎಂಬುದನ್ನು ಮಕ್ಕಳು ಕಲಿಯುವ ಬಗೆ ಅದು ಎಂದು ಕಸ್ತೂರಿಬಾಯಿಯವರು ಆ ಆಟವನ್ನು ಎಂದೂ ನಿಲ್ಲಿಸುತ್ತಿರಲಿಲ್ಲ.

ಇಲ್ಲಿ ಈ ಲೇಖಕಿ ತನ್ನ ತಪ್ಪನ್ನೂ ಬರೆಯಬೇಕು. ಹೊಸದಾಗಿ ಮೇಲ್ವಿಚಾರಕಿಯಾಗಿ ಹೋದ ದಿನ ಗೋಡೆಯ ಮೇಲಿನ ಟವೆಲ್ಲು, ರುಮಾಲು ನೋಡಿ ಮೈ ಉರಿದು, ಇದು ಅಂಗನವಾಡಿಯೋ ಅಗಸರ ಅಂಗಡಿಯೋ ಎಂದು ಭೇಟಿ ಪುಸ್ತಕದಲ್ಲಿ ಬರೆದು, ತೆಗೆಸಲು ಹೇಳಿ ಬಂದಳು. ಕಸ್ತೂರಿಬಾಯಿಯವರು ಎದುರಾಡಲಿಲ್ಲ. ನಾಳೆಯೂ ಒಮ್ಮೆ ಬನ್ನಿ ಎಂದು ಕೇಳಿಕೊಂಡರು, ಅಷ್ಟೆ. ಮರುದಿನ ಹೋಗಿ ನೋಡಿದರೆ ಗೂಟ ಬರಿದು, ಚಾಪೆಯೂ ಬರಿದು. ಮಕ್ಕಳೆಲ್ಲ ಬಾಗಿಲ ಬಳಿ ಕುಳಿತಿದ್ದವು. ಬರೆದದ್ದನ್ನು ತನ್ನ ಕೈಯಾರೆ ಹೊಡೆದು ಹಾಕಿ, ಅಂದಿನಿಂದ ಈ ಲೇಖಕಿಯೂ ಭೇಟಿಗೆ ಹೋದಾಗಲೆಲ್ಲ ತನ್ನ ಪೆನ್ನನ್ನು ಒಂದು ಮಗುವಿನ ಕೈಗೆ ಕೊಟ್ಟು ಕೂಡುತ್ತಿದ್ದಳು.

ಹೀಗೆ ಊರಿನ ಮಕ್ಕಳಿಗೆಲ್ಲ ನಂಬಿಕೆ ಕಲಿಸಿದವರಿಗೆ ತಮ್ಮ ಮಗಳ ನಂಬಿಕೆಯೊಂದು ದಕ್ಕಿರಲಿಲ್ಲ. ಜಯಮಾಲಾ ಓದಿ ನರ್ಸ್ ಆದರು, ಜೇವರ್ಗಿಯಲ್ಲಿ ಸಂಸಾರ ಹೂಡಿದರು. ತಾಯಿಗೆ ಬಿಪಿ ಗುಳಿಗೆ ತಪ್ಪದೆ ಕಳಿಸುತ್ತಿದ್ದರು, ಆಯಿತವಾರ ಫೋನು ಮಾಡುತ್ತಿದ್ದರು, ಹಬ್ಬಕ್ಕೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಯಾವುದರಲ್ಲೂ ಕೊರತೆಯಿಲ್ಲ, ಜಗಳವೂ ಇಲ್ಲ. ಆದರೆ ಮೂರು ವರ್ಷದ ಮಗಳು ಮಂಜರಿಯನ್ನು ಒಂದು ರಾತ್ರಿಯ ಮಟ್ಟಿಗೂ ಅತನೂರಿನಲ್ಲಿ ಬಿಟ್ಟವರಲ್ಲ. ಡ್ಯೂಟಿ ಇದ್ದ ದಿನ ಪಕ್ಕದ ಮನೆಯವರಲ್ಲಿ ಬಿಡುತ್ತಿದ್ದರು. ಅದು ಕಸ್ತೂರಿಬಾಯಿಯವರಿಗೆ ಗೊತ್ತಿತ್ತು. ಮಗಳು ಒಮ್ಮೆ ತನ್ನ ಕೂಸನ್ನು ನನ್ನ ಕೈಗೆ ಕೊಟ್ಟು ಹೋಗಲಿ ಎಂಬ ಹಂಬಲ ಅವರನ್ನು ಒಳಗೊಳಗೇ ಹಿಂಡುತ್ತಿತ್ತು. ಬಾಯಿಬಿಟ್ಟು ಕೇಳುವ ಹಕ್ಕು ತಮಗಿಲ್ಲವೆಂದು ಅವರು ತಿಳಿದಿದ್ದರು.

ನಿವೃತ್ತಿ ಹತ್ತಿರವಾದಾಗ ಮೇಲಿನ ಅಧಿಕಾರಿಯೊಬ್ಬರು ಬುದ್ಧಿ ಹೇಳಿದರು: ಸಮಾರಂಭ ಅಫಜಲಪುರದಲ್ಲಿ ಮಾಡೋಣ, ಮಕ್ಕಳಿಗೆ ಹೇಳಿ ಅಳಿಸುವುದೇಕೆ, ಎರಡು ದಿನದಲ್ಲಿ ಮರೆಯುತ್ತವೆ. ಕಸ್ತೂರಿಬಾಯಿಯವರು ಇಷ್ಟು ವರ್ಷದಲ್ಲಿ ಮೊದಲ ಸಲ ಅಧಿಕಾರಿಗೆ ಆಗದು ಎಂದರು. “ಮೂವತ್ನಾಲ್ಕು ವರ್ಷ ಮಂದೀಗಿ ಹೇಳಿ ಹೋಗ್ರಿ ಅಂದೀನ್ರಿ. ಈಗ ನಾ ಹಿತ್ತಲ ಬಾಗಲದಿಂದ ಹೋಗಂಗಿಲ್ಲ.”

ಆ ಶುಕ್ರವಾರ ಸಮಾರಂಭ ಕೇಂದ್ರದಲ್ಲೇ ನಡೆಯಿತು. ಜಯಮಾಲಾ ಅವರೂ ಮಂಜರಿಯ ಕೈ ಹಿಡಿದು ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಅವರು ಆ ಕೇಂದ್ರದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಕಸ್ತೂರಿಬಾಯಿಯವರು ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತರು. ನಾಳೆಯಿಂದ ತಾನು ಟೀಚರ್ ಅಲ್ಲ, ಭಾಗ್ಯಜ್ಯೋತಿ ಟೀಚರ್ ಬರುತ್ತಾರೆ, ತಾನು ಗಿರಣಿ ಹಿಂದಿನ ಮನೆಯಲ್ಲೇ ಇರುತ್ತೇನೆ ಎಂದು ಒಂದೊಂದಾಗಿ ಹೇಳಿದರು. ಆಮೇಲೆ ಯಾರೂ ನಿರೀಕ್ಷಿಸದ ಮಾತೊಂದು ಬಂತು.

“ಒಮ್ಮಿ ಒಂದು ಕೂಸಿಗಿ ಹೇಳಲಾರದ ಹೋಗಿದ್ದೆ. ಅದು ನನ್ನ ತಪ್ಪು. ಅದಕ್ಕ ನಿಮಗ ಹೇಳಿ ಹೋಗಾಕತ್ತೇನಿ.”

“ಆ ಕೂಸು ಅತ್ತಿತೇನ್ರಿ?” ಎಂದು ಗುಲಫಶಾ ಕೇಳಿದಳು.

“ನಾ ನೋಡಲಿಲ್ಲವ್ವ. ನೋಡಬೇಕಾಗ್ತದ ಅಂತಲೇ ಹಿತ್ತಲದಿಂದ ಹೋದೆ.”

ಸಭೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿಯಬೇಕಾದವರು ಗೋಡೆಗೆ ಒರಗಿ ನಿಂತಿದ್ದರು. ಅಷ್ಟರಲ್ಲಿ ಗುಲಫಶಾ ಎದ್ದು, ತನ್ನ ಗೂಟದ ಮೇಲಿನ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡು, ಬರಿದಾದ ಗೂಟವನ್ನು ತೋರಿಸಿ, ಗುರುತು ಇಟ್ಟು ಹೋಗ್ರಿ ಎಂದಳು. ಅಷ್ಟು ವರ್ಷ ಆ ಹಲಗೆಯ ಮೇಲೆ ಟೀಚರಿಗೆಂದು ಒಂದು ಗೂಟ ಇರಲಿಲ್ಲ. ಕಸ್ತೂರಿಬಾಯಿಯವರು ತಮ್ಮ ಹಳೆಯ ಬಟ್ಟೆ ಚೀಲವನ್ನು ಅಲ್ಲಿ ತೂಗುಹಾಕಿ, ನೀವು ಮಲಗಿ ಎದ್ದ ಮೇಲೆ ಬಂದು ಒಯ್ಯುತ್ತೇನೆ ಎಂದು ಮಾತು ಕೊಟ್ಟರು. ಮಕ್ಕಳು ಒಪ್ಪಿ, ಬೂಂದಿ ತಿನ್ನಲು ಎದ್ದವು.

ನಾಲ್ಕರ ಬಸ್ಸಿಗೆ ಹೊರಟ ಜಯಮಾಲಾ, ಕಳಿಸಲು ಬಂದ ತಾಯಿಯ ಜೊತೆ ನಿಲ್ದಾಣದಲ್ಲಿ ನಿಂತಿದ್ದರು. ಬಸ್ಸು ತಿರುವಿನಲ್ಲಿ ಕಂಡಾಗ ಮಂಜರಿಯ ಎದುರು ಕುಳಿತು, ಕೈಯ ವಾಚು ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. “ಮಂಜರಿ, ನಾ ಹೋಗಾಕತ್ತೇನಿ. ನೀ ಅಜ್ಜಿ ಕಡೆ ಇರು. ಎರಡು ಸಲ ಮಲಗಿ ಎದ್ರ, ಹನ್ನೊಂದರ ಬಸ್ಸಿಗಿ ಬರ್ತೇನಿ.”

ಮಂಜರಿ ಅತ್ತಳು. ಸಣ್ಣಗೆ ಅಲ್ಲ, ಊರು ತಿರುಗಿ ನೋಡುವಂತೆ ಅತ್ತಳು. ಕಸ್ತೂರಿಬಾಯಿಯವರು ಅವಳನ್ನು ಎತ್ತಿಕೊಂಡು, ಮುಖವನ್ನು ಬಸ್ಸಿನ ಕಡೆಗೇ ಹಿಡಿದು, ಅದು ಕಣ್ಮರೆಯಾಗುವ ತನಕ ನಿಂತರು. ಒದೆತವನ್ನೆಲ್ಲ ಹೊಟ್ಟೆಯ ಮೇಲೆ ತಿಂದರು. ಮೂವತ್ತನಾಲ್ಕು ವರ್ಷದ ಹಿಂದೆ ತಾವು ನೋಡದೆ ಹೋದದ್ದನ್ನು ಅಂದು ಪೂರ್ತಿ ನೋಡಿದರು.

ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಚೀಲ ತರಲು ಹೋದರೆ, ಗುಲಫಶಾ ಚೀಲ ತೆಗೆದು ಕೊಟ್ಟವಳೇ ಬಸ್ಸಿನ ಆಟಕ್ಕೆ ಓಡಿದಳು. ಯಾವ ಮಗುವೂ ಬಾಗಿಲ ಕಡೆ ನೋಡಲಿಲ್ಲ. ತಾವು ಬಯಸಿದ್ದೇ ಅದು, ಆದರೂ ಒಂದಾದರೂ ನೋಡಬಾರದಿತ್ತೇ ಎನಿಸಿತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮಂಜರಿ ಮಾತ್ರ ಮುಷ್ಟಿ ಬಿಡಿಸದೆ ಹೊಸ್ತಿಲಲ್ಲಿ ಕುಳಿತಿದ್ದಳು. ಬಹಳ ಹೊತ್ತಾದ ಮೇಲೆ ಎದ್ದು, ಬರಿದಾಗಿದ್ದ ಗೂಟಕ್ಕೆ ವಾಚು ತೂಗುಹಾಕಿ, ಅವಳೂ ಬಸ್ಸು ಹತ್ತಿದಳು.

ಆಯಿತವಾರದ ಸುದ್ದಿಯನ್ನು ಈ ಲೇಖಕಿಗೆ ಮುಟ್ಟಿಸಿದವಳು ಸುಂದರಬಾಯಿ. ಹನ್ನೊಂದರ ಬಸ್ಸಿಗೆ ಅಜ್ಜಿ ಒಂಬತ್ತೂವರೆಗೇ ನಿಲ್ದಾಣದಲ್ಲಿ ನಿಂತಿದ್ದರಂತೆ. ಮೊಮ್ಮಗಳು ಕಟ್ಟೆಯ ಕೆಳಗೆ ಕುಳಿತು ಕೆಸರಿನ ರೊಟ್ಟಿ ತಟ್ಟುತ್ತಿದ್ದಳಂತೆ, ರಸ್ತೆ ನೋಡುತ್ತಿದ್ದವರು ಕಸ್ತೂರಿಬಾಯಿ ಒಬ್ಬರೇ ಅಂತೆ. ಬಸ್ಸು ಇಪ್ಪತ್ತು ನಿಮಿಷ ತಡ. ಜಯಮಾಲಾ ಇಳಿದರು, ಮಂಜರಿ ಕೆಸರು ಕೈಯಿಂದಲೇ ವಾಚು ಕೊಟ್ಟಳು. ಅದನ್ನು ಕಟ್ಟಿಕೊಳ್ಳುತ್ತ ಜಯಮಾಲಾ ತಲೆ ಎತ್ತದೆ ಹೇಳಿದರಂತೆ:

“ಬಂದೀನಿ ನೋಡವ್ವ.”

ಅತನೂರವ್ವ ಎನ್ನಲಿಲ್ಲ, ಬರೀ ಅವ್ವ ಎಂದಳು ಎಂದು ಸುಂದರಬಾಯಿ ಎರಡೆರಡು ಸಲ ಹೇಳಿದಳು.

ಕಸ್ತೂರಿಬಾಯಿಯವರ ಚೀಲಕ್ಕೆ ಈಗ ಹಲಗೆಯ ಕೊನೆಯಲ್ಲಿ ಇಪ್ಪತ್ತೈದನೆಯ ಗೂಟ ಬಂದಿದೆ. ಶನಿವಾರ ಬಂದು ಒಯ್ಯುತ್ತಾರೆ, ಮತ್ತೆ ತಂದು ತೂಗುಹಾಕುತ್ತಾರೆ. ಹೊಸ ಟೀಚರಿಗೆ ಇನ್ನೂ ಕಲಿಸುವುದು ಬಹಳಿದೆ, ಜೇವರ್ಗಿಯ ಬಸ್ಸು ಇನ್ನೂ ಎಷ್ಟೋ ಸಲ ತಡವಾಗಿ ಬರಲಿದೆ. ಅಷ್ಟು ಶನಿವಾರಗಳಿಗೂ ಅಷ್ಟು ಬಸ್ಸುಗಳಿಗೂ ಸಾಲುವಷ್ಟು ಆಯುಸ್ಸನ್ನು, ನೆಟ್ಟಗೆ ನಿಂತು ದಾರಿ ನೋಡುವ ಕಾಲುಗಳನ್ನು ಆ ಬಸವಣ್ಣ ಅವರಿಗೆ ಕೊಡಲಿ.