ಅಕ್ಕನ ಹದಿಮೂರನೆಯ ಬಟನ್

ಕೋಲಾರದ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದೇನೆ. ಅದರಲ್ಲಿ ಕಾಲ್‌ಬ್ಯಾಕ್, ಅಂದರೆ ಮುಂದೆ ಕರೆ ಬಂದಾಗ ಮಾಡಬೇಕಾದ ಕೆಲಸವನ್ನು ಮೊದಲೇ ಒಪ್ಪಿಸಿಡುವುದು, ಎಂಬ ಪಾಠವನ್ನು ನಾನೇ ಸರಿಯಾಗಿ ಕಲಿತದ್ದು ಹೋದ ವರ್ಷ, ಮುಳಬಾಗಿಲಿನಲ್ಲಿ, ಮಾತು ನಿಂತುಹೋದ ನನ್ನ ಅಕ್ಕನಿಂದ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಇನ್ನೂ ಹೇಳಿಲ್ಲ.

ಕನ್ನಡದಲ್ಲಿ ಶುರುಮಾಡಿದ ಬೈಗುಳವನ್ನು ತೆಲುಗಿನಲ್ಲಿ ಮುಗಿಸುತ್ತಿದ್ದ ಹೆಂಗಸು ಅವಳು. ಲಕ್ವ ಹೊಡೆದು ಬಲಗೈಯೂ ಹೋಯಿತು, ಮಾತೂ ಹೋಯಿತು. ಎಲ್ಲವೂ ಅರ್ಥವಾಗುತ್ತಿತ್ತು, ಹೇಳಲು ಆಗುತ್ತಿರಲಿಲ್ಲ. ಒಂದು ಭಾನುವಾರ ನಾನು ಹಳೆಯ ಟ್ಯಾಬ್‌ನಲ್ಲಿ ಹನ್ನೆರಡು ಬಟನ್ ಮಾಡಿಕೊಂಡು ಹೋದೆ. ಲೋಟದ ಚಿತ್ರ ಒತ್ತಿದರೆ ‘ನೀರು ಬೇಕು’, ದಿಂಬು ಒತ್ತಿದರೆ ‘ಮಲಗಿಸು’, ಹೀಗೆ. ಕೊನೆಯದು ‘ಬಾಗಿಲು ಹಾಕು’. ದನಿ ನನ್ನದೇ, ತರಗತಿಯಲ್ಲಿ ಹುಡುಗರನ್ನು ಮಲಗಿಸುವ ಅದೇ ದನಿ.

ಅಕ್ಕ ಎಡಗೈಯಿಂದ ಲೋಟವನ್ನು ಒತ್ತಿದಳು. ‘ಬಾಗಿಲು ಹಾಕು’ ಎಂದಿತು ಟ್ಯಾಬ್. ಅಕ್ಕನ ಸೊಸೆ ರತ್ನ ಎದ್ದು ಹಾಕಿದಳು. ಅಕ್ಕ ಮತ್ತೆ ಲೋಟ ಒತ್ತಿದಳು, ಆಮೇಲೆ ದಿಂಬು. ಎಲ್ಲಕ್ಕೂ ಅದೇ ಉತ್ತರ.

“ಇನ್ನೆಷ್ಟ್ ಸಲ ಹಾಕ್ಲಿ ಮಾವ? ಮನೆಗಿರೋದು ಒಂದೇ ಬಾಗ್ಲು,” ಎಂದಳು ರತ್ನ.

ನಾವಿಬ್ಬರೂ ನಕ್ಕೆವು. ಅಕ್ಕ ಟ್ಯಾಬನ್ನು ತಳ್ಳಿ ಗೋಡೆಯ ಕಡೆ ತಿರುಗಿಕೊಂಡಳು. ಅವಳಿಗೆ ನಿಜಕ್ಕೂ ಬಾಯಾರಿತ್ತು.

ತಪ್ಪು ನನ್ನದು. ಹನ್ನೆರಡು ಬಟನ್‌ಗಳನ್ನೂ ಒಂದೇ ಸುತ್ತಿನಲ್ಲಿ ಮಾಡುತ್ತ, ‘ಒತ್ತಿದಾಗ ಇಲ್ಲಿರುವ ಮಾತನ್ನು ಹೇಳು’ ಎಂದು ಪ್ರತಿಯೊಂದಕ್ಕೂ ಒಂದೇ ಜಾಗ ತೋರಿಸಿದ್ದೆ. ಒತ್ತುವ ಹೊತ್ತಿಗೆ ಆ ಜಾಗದಲ್ಲಿ ಉಳಿದಿದ್ದದ್ದು ಕೊನೆಯ ಮಾತು ಮಾತ್ರ. ಮಾಡುವಾಗಲೇ ಆಯಾ ಬಟನ್ನಿನ ಕೈಗೆ ಅದರದೇ ಮಾತನ್ನು ಕೊಟ್ಟುಬಿಡಬೇಕು. ಅಲ್ಲೇ ಕೂತು ತಿದ್ದಿದೆ. ನಾಲ್ಕಾರು ಅಕ್ಷರದ ಕೆಲಸ.

ಅಕ್ಕ ಒಲ್ಲದ ಮನಸ್ಸಿನಿಂದ ಲೋಟ ಒತ್ತಿದಳು. ‘ನೀರು ಬೇಕು.’ ರತ್ನ ಓಡಿ ನೀರು ತಂದಳು. ಕುಡಿದಾದ ಮೇಲೆ ಅಕ್ಕ ಒಂದೊಂದಾಗಿ ಹನ್ನೆರಡನ್ನೂ ಒತ್ತಿ ಕೇಳಿದಳು, ಯಾವುದೂ ಬೇಕಾಗಿ ಅಲ್ಲ. ಯಾರು ಯಾವಾಗ ಬಂದು ಮುಟ್ಟುತ್ತಾರೋ ಗೊತ್ತಿಲ್ಲದೆ, ಪ್ರತಿ ಬಟನ್ನೂ ತನ್ನ ಪಾಲಿನ ಒಂದು ಮಾತನ್ನು ಜೋಪಾನ ಮಾಡಿಕೊಂಡು ಕೂತಿತ್ತು. ವರ್ಷಗಟ್ಟಲೆ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೆ, ನೋಡಿದ್ದು ಅಂದೇ.

ಮುಂದಿನ ವಾರ ಹೋದಾಗ ಅಕ್ಕ ಪರದೆಯ ಖಾಲಿ ಮೂಲೆಯನ್ನು ತಟ್ಟಿ ತೋರಿಸಿದಳು. ಇನ್ನೊಂದು ಬಟನ್ ಬೇಕಂತೆ.

“ಮಾತ್ರೆನಾ? ಟೀವಿನಾ? ದೇವ್ರ ಹಾಡಾ?” ಎಂದು ಕೇಳಿ ಸೋತೆ. ಕೊನೆಗೆ ಅವಳು ರತ್ನಳ ಕೈ ಹಿಡಿದೆಳೆದು ಆ ಮೂಲೆಯ ಮೇಲಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅಕ್ಕ ಸೊಸೆಯನ್ನು ತೆಲುಗಿನಲ್ಲಿ ‘ಏಮ್ಮಾ’, ಏನಮ್ಮಾ, ಎಂದೇ ಕರೆದವಳು. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ಮಾಡಿಕೊಟ್ಟೆ. ರತ್ನ ಅಡುಗೆಮನೆಗೆ ಹೋಗುವವರೆಗೂ ಕಾದು ಅಕ್ಕ ಅದನ್ನು ಒತ್ತಿದಳು. ‘ರತ್ನಾ.’

“ಬಂದೆ ಅತ್ತೆ,” ಎನ್ನುತ್ತ ಅವಳು ಕೈ ಒರೆಸಿಕೊಂಡು ಬಂದಳು. “ಏನ್ ಬೇಕಿತ್ತು?”

ಅಕ್ಕ ಬೇರೆ ಯಾವ ಬಟನ್ನನ್ನೂ ಒತ್ತಲಿಲ್ಲ. ಸ್ವಲ್ಪ ಸರಿದು, ಮಂಚದ ಮೇಲೆ ಅವಳಿಗೆ ಜಾಗ ಮಾಡಿದಳು.