ಕೆರೋಲ್ ಎಸೆದ ಇದ್ದಿಲು

ನಂಬುವವರು ನಂಬಿ, ನಗುವವರು ನಗಿ. ನನ್ನ ಗಂಡ ನಕ್ಕರು, ಮಗ ನಕ್ಕ, ಈಗ ಮೊಮ್ಮಗಳು ಮೊಬೈಲ್ ನೋಡಿಕೊಂಡೇ ನಗುತ್ತಾಳೆ. ನಾನಂತೂ ಹೇಳುವುದನ್ನು ಬಿಟ್ಟಿಲ್ಲ. ಆ ರಾತ್ರಿ ಸಾರಕ್ಕಿ ಕೆರೆ ಏರಿಯ ಮೇಲೆ ಇವರ್ಯಾರೂ ಇರಲಿಲ್ಲ. ನಾನಿದ್ದೆ.

ಅರವತ್ತರ ದಶಕದ ಮಾತು. ಜಯನಗರದ ನಮ್ಮ ಮನೆಯ ಗೋಡೆಗಳಲ್ಲಿ ಇನ್ನೂ ಹೊಸ ಸುಣ್ಣದ ವಾಸನೆಯಿತ್ತು. ನಾನು ಕಾಲೇಜು ಸೇರಿದ ವರ್ಷ ಅಮೆರಿಕದಿಂದ ಕೆರೋಲ್ ಬಂದಳು. ಅಲ್ಲಿಯ ವಿದ್ಯಾರ್ಥಿಗಳು ಒಂದು ವರ್ಷ ಇಲ್ಲಿಯ ಮನೆಯೊಂದರಲ್ಲಿದ್ದು ಓದುವ ಏರ್ಪಾಡು ಆಗ ಇತ್ತು. ನನಗೆ ಒಡಹುಟ್ಟಿದವರಿಲ್ಲ. ಒಂದೇ ತಿಂಗಳಲ್ಲಿ ಅವಳು ನನ್ನ ಕೋಣೆ, ನನ್ನ ಎಣ್ಣೆ ಸೀಸೆ, ನನ್ನ ಪಾಲಿನ ಬೈಗುಳ ಎಲ್ಲವನ್ನೂ ಹಂಚಿಕೊಂಡುಬಿಟ್ಟಳು. ಅವಳೆಂದರೆ ನನಗೆ ಪ್ರಾಣ.

"ಯಾರೋ ತಾಯಿ ನಮ್ಮನ್ನ ನಂಬಿ ಕಳ್ಸಿದಾಳೆ ಕಣೇ. ಬಂದ ಹಾಗೇ ವಾಪಸ್ ಕಳಿಸ್ಬೇಕು," ಎಂದು ಅಮ್ಮ ದಿನಾ ನೆನಪಿಸುತ್ತಿದ್ದಳು.

ಅಜ್ಜಿ ಅವಳಿಗೆ ಕಲಿಸಿದ ಮೊದಲ ಕನ್ನಡ, "ಊಟ ಆಯ್ತಾ?" ಯಾರೇ ಸಿಗಲಿ, ಮೊದಲು ಇದನ್ನು ಕೇಳಬೇಕು ಎಂದು ತಾಕೀತು ಮಾಡಿದ್ದಳು. ಕೆರೋಲ್ ಅದನ್ನು ಶ್ರದ್ಧೆಯಿಂದ ಪಾಲಿಸಿದಳು. ಬೆಳಗಿನ ಜಾವ ಬರುವ ಹಾಲಿನವನಿಗೂ ಕೇಳುತ್ತಿದ್ದಳು. ಅವನು ಪಾಪ ತಲೆ ಕೆರೆದುಕೊಂಡು, "ಆಯ್ತು ತಾಯಿ," ಎನ್ನುತ್ತಿದ್ದ.

ಕ್ರಿಸ್‌ಮಸ್ ರಜೆಗೆ ಅಪ್ಪ ಕಾರಿನಲ್ಲಿ ಪ್ರವಾಸ ಹೊರಡಿಸಿದರು. ಕನಕಪುರದ ಚಿಕ್ಕಪ್ಪನ ಮನೆಯಲ್ಲಿ ತಂಗಿ, ಶಿವನಸಮುದ್ರ ನೋಡಿಕೊಂಡು ಮೈಸೂರಿಗೆ. ಅಪ್ಪನ ಆಫೀಸು ಮುಗಿಯುವವರೆಗೆ ಕಾದು ಹೊರಡುವಷ್ಟರಲ್ಲಿ ಕತ್ತಲಾಗಿತ್ತು.

ಅಜ್ಜಿ ಹಿತ್ತಾಳೆ ಕ್ಯಾರಿಯರ್‌ಗೆ ಪುಳಿಯೋಗರೆ, ಮೊಸರನ್ನ ತುಂಬಿದಳು. ಮೇಲಿನ ಡಬ್ಬಿಯ ಮೊಸರನ್ನದ ಮೇಲೆ ಒಂದು ಚೂರು ಇದ್ದಿಲು ಇಟ್ಟಳು. ಕತ್ತಲಲ್ಲಿ ಅನ್ನ ಒಯ್ಯುವಾಗ ಇದ್ದಿಲು ಇಡದಿದ್ದರೆ ವಾಸನೆ ಹಿಡಿದು ಹಿಂದೆ ಬರುತ್ತವೆ ಎನ್ನುವುದು ಅವಳ ಮಾತು. ಏನು ಬರುತ್ತವೆ ಎಂದು ಮಾತ್ರ ಬಾಯಿ ಬಿಟ್ಟು ಹೇಳಿದವಳಲ್ಲ.

ಬನಶಂಕರಿ ಗುಡಿ ದಾಟಿದ ಮೇಲೆ ದೀಪವೇ ಇಲ್ಲ. ಆಗ ಆ ಕಡೆಯೆಲ್ಲ ರಾಗಿ ಹೊಲ, ತೋಪು, ಕೆರೆ. ಮುಂದೆ ಅಪ್ಪ, ಅಮ್ಮ. ಹಿಂದೆ ನಾವಿಬ್ಬರು. ಕ್ಯಾರಿಯರ್ ಕೆರೋಲ್ ಕಾಲ ಬಳಿ.

ಸಾರಕ್ಕಿ ಹತ್ತಿರ ಬಂದಾಗ ಆ ಸದ್ದು ಶುರುವಾಯಿತು.

ಕರ್... ಕರ್...

ಖಾಲಿ ಪಾತ್ರೆಯ ತಳವನ್ನು ಯಾರೋ ಉಗುರಿನಿಂದ ಕೆರೆದು ಕೆರೆದು ತಿನ್ನುವ ಸದ್ದು. ಜೊತೆಗೆ ತಳ ಹಿಡಿದ ಅನ್ನದ ಕಮರು ವಾಸನೆ. ಚಕ್ರದಲ್ಲೇನೋ ಸಿಕ್ಕಿದೆ ಎಂದು ಅಪ್ಪ ಕಾರು ನಿಲ್ಲಿಸಿದರು. ಎಂಜಿನ್ ಆರಿಸಿದ ಮೇಲೂ ಸದ್ದು ನಿಲ್ಲಲಿಲ್ಲ. ಅದು ನಮ್ಮ ಕಾಲ ಬುಡದಿಂದಲೇ ಬರುತ್ತಿತ್ತು...

ಅಮ್ಮ ಹಿಂದಕ್ಕೆ ತಿರುಗಿ ಪಿಸುಗುಟ್ಟಿದಳು. "ಅತ್ತೆ ಇದ್ದಿಲು ಇಟ್ಟಿದ್ರಲ್ವಾ? ತೆಗೆದು ನೋಡೇ."

ಟಾರ್ಚ್ ಹಾಕಿ ಮುಚ್ಚಳ ತೆಗೆದೆ. ಮೊಸರನ್ನ ಇತ್ತು. ಇದ್ದಿಲು ಇರಲಿಲ್ಲ.

"ಅದಾ?" ಎಂದಳು ಕೆರೋಲ್, ಇಂಗ್ಲಿಷಿನಲ್ಲಿ. "ಒಲೆಯಿಂದ ಕಸ ಬಿದ್ದಿತ್ತು. ಅಜ್ಜಿಗೆ ನಾಚಿಕೆಯಾಗಬಾರದು ಅಂತ ಸುಮ್ಮನೆ ತೆಗೆದು ನುಗ್ಗೆಗಿಡದ ಬುಡಕ್ಕೆ ಎಸೆದೆ."

"ಅಯ್ಯೋ ಶಿವನೇ! ರೀ, ವಾಪಸ್ ತಿರುಗ್ಸಿ ಕಾರ್‌ನ."

"ಸುಮ್ನಿರೇ, ಇದ್ದಿಲಂತೆ ಇದ್ದಿಲು! ಆ ಹುಡುಗಿ ಎದುರಿಗೆ ಮಾನ ಕಳೀಬೇಡ," ಎಂದು ಗದರಿ ಅಪ್ಪ ಕಾರು ಸ್ಟಾರ್ಟ್ ಮಾಡಿದರು. ಆಗಲಿಲ್ಲ. ಮತ್ತೆ ಮಾಡಿದರು. ಊಹೂಂ. ಗೊಣಗುತ್ತ ಇಳಿದು ಬಾನೆಟ್ ಎತ್ತಿದರು.

ಆಗ ಕೆರೋಲ್ ಕಿಟಕಿಯಾಚೆ ನೋಡಿ ನಕ್ಕಳು. ಕೆರೆ ಏರಿಯ ಕತ್ತಲಿನ ಕಡೆಗೆ ಬಾಗಿ ಕೇಳಿದಳು.

"ಊಟ ಆಯ್ತಾ?"

ಅಲ್ಲಿ ಯಾರೂ ಇರಲಿಲ್ಲ. ದೇವರಾಣೆ ಯಾರೂ ಇರಲಿಲ್ಲ.

ಅವಳು ಏನನ್ನೋ ಆಲಿಸಿದಳು. "ಪಾಪ, ಇನ್ನೂ ಇಲ್ಲವಂತೆ," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿ, ಕ್ಯಾರಿಯರ್ ಎತ್ತಿಕೊಂಡು ಬಾಗಿಲು ತೆಗೆದು ನಡೆದೇಬಿಟ್ಟಳು.

"ಹಿಡ್ಕೊಳ್ಳೇ ಅವಳನ್ನ!" ಅಮ್ಮ ಕಿರುಚಿದಳು.

ಚಪ್ಪಲಿ ಬಿಟ್ಟು ಓಡಿದೆ. ಏರಿ ಇಳಿದು ನೋಡಿದರೆ ಕೆರೋಲ್ ಮೊಣಕಾಲುದ್ದ ನೀರಿನಲ್ಲಿದ್ದಳು. ಕ್ಯಾರಿಯರ್ ಹಿಡಿದ ಕೈ ಮುಂದಕ್ಕೆ ಚಾಚಿತ್ತು. ಆ ಕಡೆಯಿಂದ ಯಾರೋ ಹಿಡಿದು ಎಳೆಯುತ್ತಿದ್ದ ಹಾಗೆ ಅವಳು ಒಂದೊಂದೇ ಹೆಜ್ಜೆ ಆಳಕ್ಕೆ ಹೋಗುತ್ತಿದ್ದಳು. ನಾನು ನೀರಿಗಿಳಿದು ಅವಳ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಮರು ವಾಸನೆ ಮುಖಕ್ಕೇ ಬಡಿಯಿತು... ಯಾರೋ ತೀರಾ ಎದುರಿಗೆ ಬಾಯಿ ತೆರೆದಂತೆ.

ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎಲ್ಲಿಂದಲೋ ಬಂದ ಹುಡುಗಿ, ಹಸಿದವರನ್ನು ಊಟ ಆಯಿತಾ ಎಂದು ಕೇಳಿದ್ದಕ್ಕೆ ಇದಾ ಮರ್ಯಾದೆ?

"ಹಸಿವಾಗಿದ್ರೆ ಅನ್ನ ತಗೋ!" ಎಂದು ಅರಚಿದೆ. "ಪೂರ್ತಿ ತಗೋ, ಕ್ಯಾರಿಯರ್ ಸಮೇತ ತಗೋ! ಇವಳ ತಂಟೆಗೆ ಬಂದ್ರೆ ಮಾತ್ರ ನೆಟ್ಟಗಿರಲ್ಲ. ಇವ್ಳು ನಮ್ಮನೆ ಹುಡುಗಿ!"

ಕ್ಯಾರಿಯರ್‌ನ ಹಿಡಿಯಿಂದ ಕೆರೋಲಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕೊನೆಯ ಬೆರಳು ಬಿಡಿಸುತ್ತಲೇ ನಾವಿಬ್ಬರೂ ಹಿಂದಕ್ಕೆ ಬಿದ್ದೆವು.

ಕ್ಯಾರಿಯರ್ ಮಾತ್ರ ಬೀಳಲಿಲ್ಲ. ನೀರಿಗೆ ಬಿದ್ದ ಸದ್ದೇ ಬರಲಿಲ್ಲ.

ತಿರುಗಿ ನೋಡದೆ ಅವಳನ್ನು ದರದರ ಎಳೆದುಕೊಂಡು ಬಂದೆ. ಕಾರು ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಮನೆಯ ಕಡೆ ತಿರುಗಿಸಿದರು. ಅಜ್ಜಿ ಎಲ್ಲ ಕೇಳಿ, ಕೆರೋಲಳಿಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿ, ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು.

ಬೆಳಗ್ಗೆ ಅಪ್ಪ ಒಬ್ಬರೇ ಹೋಗಿ ಕ್ಯಾರಿಯರ್ ತಂದರು. ಏರಿಯ ಮೇಲಿತ್ತಂತೆ.

"ನಾಯಿ ತಿಂದಿರ್ಬೇಕು," ಎಂದರು.

ನಾನು ಅದನ್ನು ಕೈಗೆತ್ತಿಕೊಂಡು ನೋಡಿದೆ. ಹಬ್ಬದ ದಿನದ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಡಬ್ಬಿಗಳು ಒಂದರ ಮೇಲೊಂದು ಕೂತು, ಕೊಂಡಿ ಹಾಕಿತ್ತು.

"ನಾಯಿ ಹುಣಸೆಹಣ್ಣು ಹಾಕಿ ತಿಕ್ಕುತ್ತೇನಪ್ಪಾ? ಕೊಂಡೀನೂ ಹಾಕುತ್ತಾ?" ಎಂದು ಕೇಳಿದೆ.

ಅಜ್ಜಿ ಮೇಲಿನ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ, ನಟ್ಟನಡುವೆ, ಒಂದು ಚೂರು ಇದ್ದಿಲು.

ನಾನು ಹಿತ್ತಲಿಗೆ ಓಡಿದೆ. ನುಗ್ಗೆಗಿಡದ ಬುಡವನ್ನೆಲ್ಲ ಕೆದಕಿದೆ. ಕೆರೋಲ್ ಎಸೆದಿದ್ದ ಇದ್ದಿಲು ಅಲ್ಲಿರಲಿಲ್ಲ.

ಹೆದರಿ ಮನೆಯಲ್ಲಿ ಕೂತೆವು ಎಂದುಕೊಂಡಿರಾ? ಅದೇ ದಿನ, ಹಗಲಿನಲ್ಲಿ, ಅದೇ ರಸ್ತೆಯಲ್ಲಿ ಹೊರಟೆವು. ಕೆರೋಲಳೇ ಹಟ ಹಿಡಿದಳು. ಶಿವನಸಮುದ್ರದ ಬಂಡೆಯ ಮೇಲೆ ಕೂತಾಗ, ರಾತ್ರಿ ಯಾರನ್ನು ಕಂಡೆ ಎಂದು ಕೇಳಿದೆ. ನೀರನ್ನೇ ನೋಡುತ್ತ, "ನಿಮ್ಮ ಅಜ್ಜಿಯಂಥವರೇ. ತುಂಬ ಹಸಿದಿದ್ದರು," ಎಂದಳು. ವರ್ಷ ಮುಗಿದಾಗ ಅವಳನ್ನು ಬಂದ ಹಾಗೇ ಅವಳ ತಾಯಿಗೆ ಕಳಿಸಿಕೊಟ್ಟೆವು.

ಅಪ್ಪ ಸಾಯುವವರೆಗೂ ನಾಯಿಯ ಕಥೆಯನ್ನೇ ಹೇಳಿದರು. ಆದರೆ ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಒಮ್ಮೆಯೂ ಕಾರು ಓಡಿಸಲಿಲ್ಲ.

ಈಗ ಆ ಹೊಲಗಳೆಲ್ಲ ಜೆ.ಪಿ. ನಗರವಾಗಿವೆ. ನಾನು ರಾತ್ರಿ ಆ ದಾರಿಯಲ್ಲೇ ಮಗನ ಮನೆಗೆ ಬುತ್ತಿ ಒಯ್ಯುತ್ತೇನೆ. ಇದ್ದಿಲು ಇಡುವುದಿಲ್ಲ. ಒಂದು ತುತ್ತು ಹೆಚ್ಚಿಗೆ ಹಾಕುತ್ತೇನೆ, ಬೇಕಾದವರು ತಿನ್ನಲಿ. ನನಗೆ ಯಾರ ಹೆದರಿಕೆಯೂ ಇಲ್ಲ.

ಆದರೆ ಕತ್ತಲಾದ ಮೇಲೆ ಮನೆಗೆ ಯಾರೇ ಬರಲಿ, ಮಾತಾಡದೆ ತಟ್ಟೆ ಹಾಕಿಬಿಡುತ್ತೇನೆ. "ಊಟ ಆಯ್ತಾ?" ಎಂದು ಮಾತ್ರ ಕೇಳುವುದಿಲ್ಲ.